ಜಾವಾಸ್ಕ್ರಿಪ್ಟ್‌ನಿಂದ ಬ್ರೌಸರ್ ಪತ್ತೆ ಮಾಡುವುದು ಹೇಗೆ? ನಂಬುವುದು ಎಷ್ಟು?

ನಾವು ಒಂದು ವೆಬ್ ಪುಟ ತೆರೆದಾಗ ಅದರೊಳಗಿನ ಜಾವಾಸ್ಕ್ರಿಪ್ಟ್ ನಮ್ಮ ಬ್ರೌಸರ್ ಯಾವುದು, ಅದು ವಿಂಡೋಸ್ ಮೇಲಿದೆಯೋ ಆಂಡ್ರಾಯ್ಡ್ ಮೇಲಿದೆಯೋ ಎಂದು ಕೇಳಬಹುದು. ಲ್ಯಾಬಿನಲ್ಲಿ ನೀವೇ ನೋಡಿ. ಕ್ರೋಮ್ ತೆರೆದು ಎಫ್12 ಒತ್ತಿ, ಕನ್ಸೋಲ್‌ನಲ್ಲಿ ‘ನ್ಯಾವಿಗೇಟರ್.ಯೂಸರ್‌ಏಜೆಂಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಏಜೆಂಟ್‌ನ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದವೆಲ್ಲ ಸಣ್ಣವು.

ಬರುವ ಉತ್ತರ ನೋಡಿದರೆ ನಗು ಬರುತ್ತದೆ. ಮೊದಲು ಮೊಜಿಲ್ಲಾ 5.0, ಆಮೇಲೆ ವಿಂಡೋಸ್ ಎನ್‌ಟಿ 10.0, ಆಪಲ್‌ವೆಬ್‌ಕಿಟ್, ಗೆಕೊ, ಕ್ರೋಮ್, ಕೊನೆಗೆ ಸಫಾರಿ! ಒಂದೇ ಬ್ರೌಸರಿಗೆ ಇಷ್ಟು ಹೆಸರು ಯಾಕೆ? 1990ರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ತನ್ನನ್ನು ಮೊಜಿಲ್ಲಾ ಎಂದು ಹೇಳಿಕೊಳ್ಳುತ್ತಿತ್ತು. ಕೆಲವು ತಾಣಗಳು ತಮ್ಮ ಹೊಸ ಬಗೆಯ ಪುಟಗಳನ್ನು ಮೊಜಿಲ್ಲಾ ಎಂದವರಿಗೆ ಮಾತ್ರ ಕೊಡತೊಡಗಿದವು. ಆಗ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ‘ನಾನೂ ಮೊಜಿಲ್ಲಾ’ ಎಂದಿತು. ಆಮೇಲೆ ಬಂದ ಸಫಾರಿ, 2008ರಲ್ಲಿ ಬಂದ ಕ್ರೋಮ್, ಎಲ್ಲವೂ ಹಿಂದಿನವರ ಹೆಸರು ಸೇರಿಸಿಕೊಂಡೇ ಬಂದವು. ಅಕೌಂಟೆನ್ಸಿ ಓದುವ ನಮಗೆ ಅರ್ಥವಾಗುವಂತೆ ಹೇಳಿದರೆ, ಇದು ವೋಚರ್ ಇಲ್ಲದ ಎಂಟ್ರಿ.

ಹಾಗಾಗಿ ಹುಡುಕುವ ಕ್ರಮ ಮುಖ್ಯ. ಎಡ್ಜ್ ತನ್ನ ಸಾಲಿನಲ್ಲಿ ಕ್ರೋಮ್ ಎಂದೂ ಬರೆದುಕೊಂಡಿರುತ್ತದೆ, ಕ್ರೋಮ್ ಸಫಾರಿ ಎಂದೂ ಬರೆದುಕೊಂಡಿರುತ್ತದೆ. ಆದ್ದರಿಂದ ಮೊದಲು ಎಡ್ಜ್, ಆಮೇಲೆ ಕ್ರೋಮ್, ಕೊನೆಗೆ ಸಫಾರಿ. ಹಾಗೆಯೇ ಲಿನಕ್ಸ್‌ಗಿಂತ ಮೊದಲು ಆಂಡ್ರಾಯ್ಡ್ ನೋಡಬೇಕು, ಏಕೆಂದರೆ ಆಂಡ್ರಾಯ್ಡ್ ಫೋನಿನ ಸಾಲಿನಲ್ಲಿ ಎರಡೂ ಇರುತ್ತವೆ. ಇಷ್ಟಾದರೂ ವಿಂಡೋಸ್ 11 ಕಂಪ್ಯೂಟರ್ 10.0 ಎಂದೇ ಹೇಳುತ್ತದೆ. 2019ರ ನಂತರದ ಐಪ್ಯಾಡ್ ತನ್ನನ್ನು ಮ್ಯಾಕ್ ಎನ್ನುತ್ತದೆ.

ಇದು ಬರೀ ತಮಾಷೆಯ ವಿಷಯವಲ್ಲ. ಕಳೆದ ವರ್ಷ ನಮ್ಮ ಆಪಾ ಒಂದು ಅರ್ಜಿ ತುಂಬಲು ಅಬ್ಬಾರ ಫೋನಿನಲ್ಲಿ ಕೂತರು. ‘ಈ ಸಾಧನದಲ್ಲಿ ತೆರೆಯಲಾಗದು, ಕಂಪ್ಯೂಟರ್ ಬಳಸಿ’ ಎಂದು ಬಂತು. ಜಾಂಬೋಟಿಯಿಂದ ಖಾನಾಪುರಕ್ಕೆ ಬಸ್ ಹಿಡಿದು, ಅಂಗಡಿಯಲ್ಲಿ ದುಡ್ಡು ಕೊಟ್ಟು ತುಂಬಿಸಿ ಬಂದರು. ಆ ರಾತ್ರಿ ನಾನು ಅದೇ ಫೋನಿನ ಕ್ರೋಮ್ ಮೆನುವಿನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಒತ್ತಿದೆ. ಅದನ್ನು ಒತ್ತಿದರೆ ಫೋನ್ ತನ್ನನ್ನು ಆಂಡ್ರಾಯ್ಡ್ ಎನ್ನುವುದು ಬಿಟ್ಟು ಲಿನಕ್ಸ್ ಕಂಪ್ಯೂಟರ್ ಎನ್ನುತ್ತದೆ. ಅರ್ಜಿ ತೆರೆಯಿತು. ಫೋಟೋ ಹಾಕುವ ಜಾಗವೂ ಸರಿಯಾಗಿ ಕೆಲಸ ಮಾಡಿತು. ಫೋನಿಗೆ ಶಕ್ತಿ ಇರಲಿಲ್ಲವೆಂದಲ್ಲ, ಅದರ ಹೆಸರು ನೋಡಿ ಬಾಗಿಲು ಹಾಕಿದ್ದರು.

ಹೆಸರು ಕೇಳುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಡೌನ್‌ಲೋಡ್ ಪುಟದಲ್ಲಿ ವಿಂಡೋಸ್‌ನವರಿಗೆ ವಿಂಡೋಸ್ ಫೈಲನ್ನು ಮೇಲೆ ತೋರಿಸಿದರೆ ಅನುಕೂಲವೇ. ಊಹೆ ತಪ್ಪಿದರೆ ಕೆಳಗಿನದನ್ನು ಆರಿಸಬಹುದು. ಆದರೆ ಒಳಗೆ ಬಿಡಬೇಕೋ ಬೇಡವೋ ಎಂಬುದಕ್ಕೆ ಕೆಲಸವನ್ನೇ ಪರೀಕ್ಷಿಸಬೇಕು. ಉದಾಹರಣೆಗೆ ಕಿರಾಣಿ ಅಂಗಡಿಯ ಬಿಲ್ ಪುಟದಲ್ಲಿ ‘ಹಂಚಿಕೊಳ್ಳಿ’ ಬಟನ್ ಬೇಕು ಎನ್ನಿ. ‘ಇದು ಕ್ರೋಮೇ?’ ಎಂದು ಕೇಳಬೇಡಿ. ‘ಇಫ್’ ಬರೆದು ಕಂಸದೊಳಗೆ ‘ನ್ಯಾವಿಗೇಟರ್.ಶೇರ್’ ಎಂದು ಹಾಕಿ. ಆ ಸೌಲಭ್ಯ ಇದ್ದರೆ ಬಟನ್ ತೋರಿಸಿ, ‘ಎಲ್ಸ್’ ಭಾಗದಲ್ಲಿ ಬಿಲ್ಲಿನ ಲಿಂಕ್ ಕೊಡಿ, ಗ್ರಾಹಕರು ಕಾಪಿ ಮಾಡಿ ಕಳಿಸಿಕೊಳ್ಳುತ್ತಾರೆ. ಒಟ್ಟು ನಾಲ್ಕೈದು ಸಾಲಿನ ಕೋಡ್ ಅಷ್ಟೇ.