ಬೈಹುಲ್ಲಿನ ರೋಲ್‌ಗೆ ಟ್ರೇಲರ್: ಆಕ್ಸಲ್ ಎಲ್ಲಿರಬೇಕು?

ಮಂಗಳೂರಿನ ಕಡೆ ಗದ್ದೆ ಕಡಿಮೆಯಾದ ಮೇಲೆ ನನ್ನ ಹಟ್ಟಿಗೂ ಬೈಹುಲ್ಲು ಘಟ್ಟದ ಮೇಲಿನಿಂದಲೇ ಬರಬೇಕು. ಲಾರಿ ಡಾಮರು ರಸ್ತೆಯಲ್ಲೇ ನಿಲ್ಲುತ್ತದೆ. ಮುಂದೆಲ್ಲ ಮುರಕಲ್ಲಿನ ಏರು. ಅದಕ್ಕೆಂದೇ ಪವರ್ ಟಿಲ್ಲರ್‌ಗೆ ಕಟ್ಟುವ ಎಂಟಡಿ ಉದ್ದದ ಟ್ರೇಲರ್ ಮಾಡಿಕೊಂಡಿದ್ದೇನೆ.

ನೀವೂ ಮಾಡುವುದಾದರೆ ವೆಲ್ಡಿಂಗ್‌ಗೆ ಮೊದಲು ಆಕ್ಸಲ್ ಜಾಗ ನೋಡಿ. ಸರೀ ನಡುವಿಗೆ ಇಟ್ಟರೆ ಏರಿನಲ್ಲಿ ಭಾರ ಹಿಂದೆ ವಾಲಿ ಕೊಂಡಿಯನ್ನು ಮೇಲೆತ್ತುತ್ತದೆ, ಟಿಲ್ಲರ್ ಕೈಗೆ ಸಿಗೂದಿಲ್ಲ. ಒಟ್ಟು ಭಾರದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲಿರಬೇಕು. ಎಂಟಡಿ ತಳಕ್ಕೆ ಮೂರಡಿ ಎಳೆದಂಡ ಇದ್ರೆ ಆಕ್ಸಲ್ ನಡುವಿನಿಂದ 9 ಇಂಚು ಹಿಂದೆ ಬರುತ್ತದೆ. ಹುಲ್ಲು ತುಂಬಿ, ಸಮತಟ್ಟು ಜಾಗದಲ್ಲಿ ಕೊಂಡಿಯನ್ನು ತೂಕದ ಯಂತ್ರದ ಮೇಲಿಟ್ಟು ನೋಡಿ: ಟ್ರೇಲರ್ ಸೇರಿ 300 ಕಿಲೋ ಆದರೆ ಸುಮಾರು 30 ತೋರಿಸಬೇಕು.

ರೋಲ್‌ಗಳನ್ನು ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿಯಿರಿ, ಮಲಗಿಸಿದರೆ ಉರುಳ್ತವೆ. ಹುಲ್ಲಿನ ಮೇಲೆ ಯಾರನ್ನೂ ಕೂರಿಸಬೇಡಿ. ಹಿಂದೆ ಒಬ್ಬರು ಹತ್ತಿದರೂ ಈ ಲೆಕ್ಕ ತಲೆಕೆಳಗು.