ಪ್ರಾಸ್ಪೆಕ್ಟಸ್‌ನಲ್ಲಿ ನಿಮ್ಮ ಮಕ್ಕಳೇ ಇರಲಿ

ಮೇಡಂ, ನಿಮ್ಮ ಪಿಯು ಕಾಲೇಜಿನ ಪ್ರಾಸ್ಪೆಕ್ಟಸ್‌ಗೆ ದುಡ್ಡು ಕೊಟ್ಟು ಕೊಳ್ಳುವ ಸ್ಟಾಕ್ ಫೋಟೊ ಖಂಡಿತ ಬೇಡ. ಅದೇ ನಗುಮುಖ ಪಕ್ಕದೂರಿನ ಕೋಚಿಂಗ್ ಸೆಂಟರಿನ ಫ್ಲೆಕ್ಸ್‌ನಲ್ಲೂ ಕಂಡರೆ ಪೋಷಕರು ನಿಮ್ಮ ಕಾಲೇಜನ್ನು ನಂಬುವುದು ಹೇಗೆ? ಕೆಮಿಸ್ಟ್ರಿ ಪ್ರಾಕ್ಟಿಕಲ್ ಇರುವ ದಿನವೇ ಫೋಟೊಗ್ರಾಫರನ್ನು ಕರೆಸಿ. ಮೊದಮೊದಲು ಮಕ್ಕಳು ಕ್ಯಾಮೆರಾ ಕಂಡು ಸೆಟೆದು ನಿಲ್ಲುತ್ತಾರೆ. ಆಮೇಲೆ ಅದನ್ನು ಮರೆತು, ಬ್ಯುರೆಟ್‌ನಿಂದ ಬೀಳುವ ಹನಿಯನ್ನೇ ಉಸಿರು ಬಿಗಿಹಿಡಿದು ನೋಡುತ್ತಾರೆ. ನಿಮಗೆ ಬೇಕಾದ ಚಿತ್ರ ಅದು. ಲ್ಯಾಬ್ ಕೋಟಿನ ಮೇಲಿನ ಕಲೆ ಅಳಿಸಬೇಡಿ. ಮೈಬಣ್ಣವನ್ನಂತೂ ತಿಳಿಗೊಳಿಸಲೇಬೇಡಿ, ಅದು ಆ ಮಗುವಿಗೆ ಮಾಡುವ ಅವಮಾನ. ಫೋಟೊ ಬಳಸಲು ಒಪ್ಪಿಗೆಯೂ ಬೇಕು. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವರಿನ್ನೂ ಮಕ್ಕಳೇ. ಫೋಟೊ ಎಲ್ಲೆಲ್ಲಿ, ಎಷ್ಟು ವರ್ಷ ಬಳಸುತ್ತೀರೆಂದು ಕನ್ನಡದಲ್ಲೇ ಬರೆದು ಪೋಷಕರ ಸಹಿ ಪಡೆಯಿರಿ. ವಿದ್ಯಾರ್ಥಿಯನ್ನೂ ಪ್ರತ್ಯೇಕವಾಗಿ ಕೇಳಿ. ಬೇಡವೆಂದರೆ ಕಾರಣ ಕೆದಕದೆ ಬಿಟ್ಟುಬಿಡಿ.