ಹೂಕುಂಡದ ನೀರು ಮತ್ತು ಮನೆಯ ಆರೋಗ್ಯ

ಕರೋಲ್ ಬಾಗಿನ ನಮ್ಮ ಮನೆಗಳಿಗೆ ಅಂಗಳವೆಂಬುದಿಲ್ಲ. ಮೂರನೆಯದೋ ನಾಲ್ಕನೆಯದೋ ಅಂತಸ್ತಿನ ಬಾಲ್ಕನಿಯಲ್ಲಿ, ಹೆಚ್ಚೆಂದರೆ ತಾರಸಿಯ ಒಂದು ಮೂಲೆಯಲ್ಲಿ, ನಾಲ್ಕಾರು ಕುಂಡಗಳನ್ನಿರಿಸಿ ತುಳಸಿ, ಕರಿಬೇವು, ದೊಡ್ಡಪತ್ರೆ, ಮಲ್ಲಿಗೆಗಳನ್ನು ಬೆಳೆಸಿಕೊಂಡಿರುವ ಕನ್ನಡ ಕುಟುಂಬಗಳು ಅನೇಕ. ಗಿಡ ಸತ್ತಾಗ ನಾವು ದೆಹಲಿಯ ಬಿಸಿಲನ್ನೋ ಚಳಿಯನ್ನೋ ದೂರುತ್ತೇವೆ. ಆದರೆ ಎಷ್ಟೋ ಸಲ ಕಾರಣವು ಕುಂಡದ ತಳದಲ್ಲಿಯೇ ಇರುತ್ತದೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಜಮೆ ಉಂಟು, ಖರ್ಚು ಇಲ್ಲ. ಹಾಗೂ ಹೊರಬಂದ ನೀರು ಕೆಳಗಿನ ತಟ್ಟೆಯಲ್ಲಿ ನಿಂತರೆ ಅಪಾಯವು ಗಿಡವನ್ನು ದಾಟಿ ಮನೆಯವರಿಗೇ ತಟ್ಟುತ್ತದೆ.

ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯೇ ಅವುಗಳಿಗೆ ಆಮ್ಲಜನಕದ ಆಧಾರ. ಆ ಸಂದುಗಳನ್ನು ನೀರು ತುಂಬಿದರೆ ಆಮ್ಲಜನಕದ ಸಂಚಾರವು ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗುತ್ತದೆ. ಬೇರು ಉಸಿರುಗಟ್ಟಿ ಕೊಳೆಯತೊಡಗುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದಾದ್ದರಿಂದ ಒದ್ದೆ ಮಣ್ಣಿನಲ್ಲಿಯೇ ಎಲೆಗಳು ಹಳದಿಯಾಗಿ ಬಾಡುತ್ತವೆ. ಬಾಡಿದ್ದನ್ನು ಕಂಡು ಬಾಯಾರಿಕೆಯೆಂದು ಭಾವಿಸಿ ಇನ್ನೊಂದು ಚೊಂಬು ನೀರು ಸುರಿಯುವವರೇ ಹೆಚ್ಚು. ಆದುದರಿಂದ ನೀರೆರೆಯುವ ಮೊದಲು ಬೆರಳನ್ನು ಒಂದೆರಡು ಅಂಗುಲ ಮಣ್ಣಿಗಿಳಿಸಿ ನೋಡುವುದು ಒಳಿತು. ಮಣ್ಣು ಹುಳಿನಾತ ಬೀರಿದರೆ ಸಂದೇಹವೇ ಬೇಡ.

ಊರಿನಲ್ಲಿ ಈ ತೊಂದರೆ ಏಕಿರಲಿಲ್ಲ? ಹಿತ್ತಲಿನ ತುಳಸಿಕಟ್ಟೆಯೊಳಗಿನ ಮಣ್ಣು ಸಾಮಾನ್ಯವಾಗಿ ಕೆಳಗಿನ ನೆಲದೊಡನೆ ಕೂಡಿಕೊಂಡಿರುತ್ತದೆ. ಸುರಿದ ನೀರು ಬೇರನ್ನು ನೆನೆಸಿ ಭೂಮಿಗೆ ಇಳಿದುಹೋಗುತ್ತದೆ. ಕುಂಡದಲ್ಲಿ ಆ ಸಂಬಂಧ ಕಡಿದಿದೆ. ರಂಧ್ರವಿದ್ದರೂ ತಳದ ಕೆಲವು ಅಂಗುಲ ಮಣ್ಣು ನೀರನ್ನು ಹಿಡಿದೇ ಇಟ್ಟುಕೊಳ್ಳುತ್ತದೆ. ಪಾತ್ರೆ ತೊಳೆಯುವ ಉದ್ದನೆಯ ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಬಳಿಕ ಅದನ್ನೇ ಉದ್ದಕ್ಕೆ ನಿಲ್ಲಿಸಿರಿ. ಹಿಂಡದೆಯೇ ಮತ್ತಷ್ಟು ನೀರು ಇಳಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಮೇಲ್ಭಾಗ ಬೇಗ ಹಗುರವಾಗುತ್ತದೆಂಬುದೇ ಇದರ ಅರ್ಥ. ಕರಿಬೇವಿನಂತಹ ಗಿಡಕ್ಕೆ ಅಗಲವಾದ ತಗ್ಗು ಕುಂಡಕ್ಕಿಂತ ಆಳವಾದ ಕುಂಡ ಮೇಲೆಂದು ಹೇಳುವುದು ಈ ಕಾರಣದಿಂದಲೇ.

ಇಲ್ಲಿ ಬಹುಕಾಲದಿಂದ ಬಂದ ಒಂದು ರೂಢಿಯನ್ನು ಪ್ರಶ್ನಿಸಬೇಕಾಗಿದೆ. ಕುಂಡದ ತಳಕ್ಕೆ ಜಲ್ಲಿ ಅಥವಾ ಇಟ್ಟಿಗೆಚೂರುಗಳನ್ನು ದಪ್ಪನಾಗಿ ಹರಡಿದರೆ ನೀರು ಸುಲಭವಾಗಿ ಬಸಿಯುತ್ತದೆಂದು ಎಲ್ಲರೂ ನಂಬಿದ್ದೇವೆ. ವಾಸ್ತವವಾಗಿ ನಯವಾದ ಮಣ್ಣು ಪೂರ್ಣ ತೊಯ್ಯುವವರೆಗೂ ನೀರು ಕೆಳಗಿನ ಒರಟು ಜಲ್ಲಿಗೆ ಇಳಿಯುವುದಿಲ್ಲ. ಜಲ್ಲಿಯು ಆಕ್ರಮಿಸಿದಷ್ಟು ಮಣ್ಣಿನ ಆಳ ಕಡಿಮೆಯಾಗಿ, ಒದ್ದೆಯ ಪದರವು ಬೇರಿಗೆ ಇನ್ನಷ್ಟು ಸಮೀಪಕ್ಕೆ ಏರುತ್ತದೆ. ರಂಧ್ರದ ಮೇಲೆ ಒಂದು ಬಾಗಿದ ಓಡಿನ ಚೂರನ್ನು ಬೋರಲು ಹಾಕಿದರೆ, ಅಥವಾ ಸೊಳ್ಳೆಪರದೆಯ ಒಂದು ತುಂಡನ್ನಿಟ್ಟರೆ, ಮಣ್ಣು ಜಾರದಂತೆ ತಡೆಯಲು ಅಷ್ಟೇ ಸಾಕು.

ಸುಧಾರಣೆಯಾಗಬೇಕಾದುದು ತಳವಲ್ಲ, ಇಡೀ ಮಣ್ಣು. ದೆಹಲಿಯ ನರ್ಸರಿಗಳಿಂದ ತಂದ ಗಿಡದ ಬೇರಿಗೆ ಅಂಟುಮಣ್ಣಿನ ಗಟ್ಟಿ ಉಂಡೆ ಮೆತ್ತಿರುವುದುಂಟು. ಅದನ್ನು ನೆನೆಸಿ ಮೆಲ್ಲನೆ ಸಡಿಲಿಸಬೇಕು. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿದರೆ ಹೆಚ್ಚಿನ ಗಿಡಗಳಿಗೆ ಹಿತ. ಮರಳು ಇಲ್ಲಿಯ ಕಟ್ಟಡ ಸಾಮಗ್ರಿಯ ಅಂಗಡಿಗಳಲ್ಲಿ ಬದರ್‌ಪುರ್ ಎಂದು ಕರೆಯುವಂತಹ ಒರಟು ಜಾತಿಯದಾಗಿರಲಿ. ಗಾರೆ ಸವರಲು ಬಳಸುವ ನುಣ್ಣನೆಯ ಮರಳು ಸಂದುಗಳನ್ನು ಮುಚ್ಚುತ್ತದೆ. ಮಣ್ಣಿನ ಕುಂಡದ ಗೋಡೆಯೂ ತೇವವನ್ನು ಹೊರಬಿಡುತ್ತದೆ. ಅಂದಕ್ಕೆಂದು ಎಣ್ಣೆಬಣ್ಣ ಬಳಿದು ಆ ಗುಣವನ್ನು ಕೆಡಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನು ತಟ್ಟೆಯ ವಿಷಯ. ಕೆಳಮನೆಯವರ ಮೇಲೆ ನೀರು ಸುರಿಯದಿರಲೆಂದು ನಾವು ತಟ್ಟೆಯಿಡುವುದು ಸೌಜನ್ಯವೇ ಸರಿ. ಆದರೆ ಡೆಂಗೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. 1996ರಲ್ಲಿ ಈ ನಗರದಲ್ಲಿ 10,000ಕ್ಕೂ ಹೆಚ್ಚು ಜನರಿಗೆ ಡೆಂಗೂ ತಗುಲಿ 400ಕ್ಕೂ ಮಿಕ್ಕಿ ಜನ ಅಸುನೀಗಿದರು. 2015ರಲ್ಲಿ ರೋಗಿಗಳ ಸಂಖ್ಯೆ 15,000ವನ್ನು ದಾಟಿತು. ಮಳೆಗಾಲದ ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ನೀರು ಚೆಲ್ಲಬೇಕೆಂಬ ನಿಯಮ. ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿನ ಮೇಲ್ಗಡೆ ತಟ್ಟೆಗೆ ಅಂಟಿಕೊಂಡು, ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಮತ್ತೆ ನೀರು ಬಿದ್ದೊಡನೆ ಅವು ಒಡೆಯುತ್ತವೆ. ತಟ್ಟೆಯನ್ನು ನಾರಿನಿಂದ ಉಜ್ಜಿ ತೊಳೆಯಲೇಬೇಕು. ಕೂಲರಿನ ತೊಟ್ಟಿಗೂ ಇದೇ ಮಾತು ಸಲ್ಲುತ್ತದೆ. ದಿನವೂ ತಟ್ಟೆ ಬರಿದು ಮಾಡಲು ಬಿಡುವಿಲ್ಲದವರು ಅದರ ಅಂಚಿನವರೆಗೂ ದಪ್ಪ ಮರಳು ತುಂಬಿ, ಅದರ ಮೇಲೆ ಕುಂಡವನ್ನಿಡಬಹುದು. ಬಸಿದ ನೀರು ಮರಳಿನೊಳಗೆ ಅಡಗುವುದರಿಂದ ಮೇಲೆ ನಿಂತ ನೀರು ಸಿಗದು. ತಾರಸಿಯಲ್ಲಿರುವವರಿಗೆ ತಟ್ಟೆಯೇ ಅನಗತ್ಯ. ಎರಡು ಇಟ್ಟಿಗೆಗಳ ಮೇಲೆ ರಂಧ್ರ ತೆರೆದಿರುವಂತೆ ಕುಂಡವನ್ನು ಕೂರಿಸಿದರಾಯಿತು.

ಊರಿಗೆ ಹೋಗುವಾಗ ನೆರೆಮನೆಯವರಿಗೆ ಗಿಡಗಳನ್ನು ಒಪ್ಪಿಸುವ ಪದ್ಧತಿ ನಮ್ಮಲ್ಲಿದೆ. ಬೀಗದ ಕೈ ಕೊಡುವಾಗ ತಟ್ಟೆಗಳ ಬಗೆಗೂ ಒಂದು ಮಾತು ಹೇಳಿರಿ. ಡಿಸೆಂಬರ್, ಜನವರಿಗಳಲ್ಲಾದರೆ ದಿನನಿತ್ಯ ನೀರೆರೆಯಬೇಡಿರೆಂದೂ ತಿಳಿಸಿರಿ. ಆ ಚಳಿಯಲ್ಲಿ ಕರಿಬೇವು ಎಲೆಯುದುರಿಸಿ ಸುಮ್ಮನಿರುತ್ತದೆ. ಮೇಲ್ಮಣ್ಣು ಒಣಗಿದಾಗ ಮಾತ್ರ, ಬೆಳಗಿನ ಬಿಸಿಲೇರಿದ ಬಳಿಕ, ಸ್ವಲ್ಪ ನೀರು ಕೊಟ್ಟರೆ ಫಾಲ್ಗುಣದ ಹೊತ್ತಿಗೆ ಹೊಸ ಚಿಗುರು ಕಾಣುತ್ತದೆ.